ಗೃಹಬಳಕೆಯ ನಿಸ್ತಂತು ರೌಟರ್: ಆಯ್ಕೆ, ಅಳವಡಿಕೆ ಮತ್ತು ಸುರಕ್ಷತೆ
(ಕಮತಗಿ ಪಟ್ಟಣ ಹಾಗೂ ಸುತ್ತಲಿನ ಗ್ರಾಮಗಳ ಸಾರ್ವಜನಿಕರ ಮಾಹಿತಿಗಾಗಿ)

ಮನೆಗೆ ಬಂದಿರುವ ಒಂದು ಅಂತರಜಾಲ ಸಂಪರ್ಕವನ್ನು ರೇಡಿಯೋ ತರಂಗಗಳ ಮೂಲಕ ಮನೆಯೊಳಗಿನ ಹಲವು ಮೊಬೈಲ್, ಗಣಕಯಂತ್ರ ಮತ್ತು ಟಿ.ವಿ.ಗಳಿಗೆ ಹಂಚುವ ಸಾಧನವೇ ನಿಸ್ತಂತು ರೌಟರ್. ಈ ವ್ಯವಸ್ಥೆಯನ್ನು ರೂಢಿಯಲ್ಲಿ ವೈ-ಫೈ ಎಂದು ಕರೆಯಲಾಗುತ್ತದೆ. 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಕಡಿಮೆ ಶಕ್ತಿಯ ಸಾಧನಗಳನ್ನು ಪರವಾನಗಿಯಿಲ್ಲದೆ ಬಳಸಲು ಭಾರತ ಸರ್ಕಾರವು 2005ರಲ್ಲಿ ಅವಕಾಶ ಕಲ್ಪಿಸಿತು. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿನ ಅವಕಾಶವನ್ನು 2018ರಲ್ಲಿ ಇನ್ನಷ್ಟು ವಿಸ್ತರಿಸಲಾಯಿತು. ಆದಕಾರಣ ಮನೆಯಲ್ಲಿ ರೌಟರ್ ಇರಿಸಿಕೊಳ್ಳಲು ಯಾವ ಕಚೇರಿಗೂ ಅರ್ಜಿ ಸಲ್ಲಿಸಬೇಕಾಗಿಲ್ಲ. ಪರವಾನಗಿ ಬೇಡವೆಂದ ಮಾತ್ರಕ್ಕೆ ಹೊಣೆಯೂ ಇಲ್ಲವೆಂದು ಭಾವಿಸತಕ್ಕದ್ದಲ್ಲ. ಸಂಪರ್ಕದ ಮೂಲಕ ನಡೆಯುವ ಪ್ರತಿಯೊಂದು ವ್ಯವಹಾರವೂ ಸೇವಾದಾರ ಸಂಸ್ಥೆಯ ದಾಖಲೆಯಲ್ಲಿ ಸಂಪರ್ಕ ಪಡೆದ ಗ್ರಾಹಕರ ಹೆಸರಿಗೇ ಸೇರುತ್ತದೆ.

ಬಾಗಲಕೋಟೆಯಿಂದ ಹುನಗುಂದಕ್ಕೆ ಹೋಗುವ ಮಾರ್ಗದಲ್ಲಿ ಮಲಪ್ರಭಾ ನದಿಯ ಸಮೀಪದಲ್ಲಿರುವ ಕಮತಗಿಯು ನೇಕಾರಿಕೆಗೆ ಹೆಸರಾದ ಪಟ್ಟಣ. ಇಲ್ಲಿ ಅನೇಕ ಕುಟುಂಬಗಳಿಗೆ ಮನೆಯೇ ಕಾರ್ಯಾಗಾರವೂ ಆಗಿದೆ. ಮಕ್ಕಳ ಪಾಠ, ಬ್ಯಾಂಕ್ ವ್ಯವಹಾರ, ನೇಯ್ದ ಸೀರೆಯ ಚಿತ್ರವನ್ನು ವ್ಯಾಪಾರಿಗೆ ಕಳುಹಿಸುವುದು ಎಲ್ಲವೂ ಒಂದೇ ಸಂಪರ್ಕದ ಮೇಲೆ ನಡೆಯುತ್ತವೆ. ಮಾರಾಟಗಾರರ ಸಲಹೆಗಳು ಬಹುತೇಕ ನಗರಗಳ ತೆಳುಗೋಡೆಯ ಮನೆಗಳನ್ನು ಗಮನದಲ್ಲಿರಿಸಿಕೊಂಡವಾಗಿದ್ದು, ಈ ಭಾಗದ ಕಲ್ಲು ಮಣ್ಣಿನ ಮಾಳಿಗೆ ಮನೆಗಳಿಗೆ ಅವು ಯಥಾವತ್ತಾಗಿ ಅನ್ವಯಿಸುವುದಿಲ್ಲ.

ಖರೀದಿಗೆ ಮುನ್ನ

ಮೊದಲು ತಿಳಿಯಬೇಕಾದುದು ಹೊಸ ರೌಟರ್ ನಿಜವಾಗಿ ಬೇಕೇ ಎಂಬುದು. ಹಲವರು ಇದನ್ನು ವಿಚಾರಿಸದೆ ಅನಾವಶ್ಯಕ ವೆಚ್ಚಕ್ಕೆ ಗುರಿಯಾಗುತ್ತಾರೆ. ಆಪ್ಟಿಕಲ್ ಫೈಬರ್ ಸಂಪರ್ಕದಲ್ಲಿ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸುವ ಓಎನ್‌ಟಿ ಎಂಬ ಪೆಟ್ಟಿಗೆಯನ್ನು ಸೇವಾದಾರರು ಮನೆಯಲ್ಲಿ ಅಳವಡಿಸುತ್ತಾರೆ. ಈಗ ದೊರೆಯುವ ಬಹುಪಾಲು ಓಎನ್‌ಟಿಗಳಲ್ಲಿ ವೈ-ಫೈ ಸೌಲಭ್ಯವು ಅಂತರ್ಗತವಾಗಿಯೇ ಇರುತ್ತದೆ. ಅಂತಹ ಮನೆಯಲ್ಲಿ ಪ್ರತ್ಯೇಕ ರೌಟರ್ ಬೇಕಾಗುವುದು ತರಂಗವು ಮನೆಯ ಎಲ್ಲ ಭಾಗಗಳಿಗೆ ತಲುಪದಿದ್ದಾಗ ಮಾತ್ರ. ಓಎನ್‌ಟಿಯ ಕ್ರಮಸಂಖ್ಯೆಯನ್ನು ಸೇವಾದಾರರ ಕೇಂದ್ರದಲ್ಲಿ ನೋಂದಾಯಿಸಬೇಕಾಗಿರುವುದರಿಂದ, ಬೇರೆಡೆ ಕೊಂಡು ತಂದ ಓಎನ್‌ಟಿಯನ್ನು ಗ್ರಾಹಕರು ತಾವೇ ಜೋಡಿಸಿದರೆ ಅದು ಕೆಲಸ ಮಾಡುವುದಿಲ್ಲ.

ಬಿಎಸ್‌ಎನ್‌ಎಲ್ ಸಂಸ್ಥೆಯು 2005ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿದ ಮೇಲೆ ಅನೇಕ ಮನೆಗಳಿಗೆ ದೂರವಾಣಿ ತಂತಿಗೆ ಜೋಡಿಸುವ ಮೋಡೆಮ್‌ಗಳು ಬಂದವು. ಆ ಕಾಲಕ್ಕೆ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಸೆಕೆಂಡಿಗೆ 256 ಕಿಲೋಬಿಟ್ ವೇಗ ಸಾಕಾಗಿತ್ತು. 2023ರ ಜನವರಿಯಿಂದ ಕನಿಷ್ಠ ವೇಗವನ್ನು 2 ಮೆಗಾಬಿಟ್ ಎಂದು ನಿಗದಿಪಡಿಸಲಾಗಿದೆ. ಹಳೆಯ ಮೋಡೆಮ್ ಕಪಾಟಿನಲ್ಲಿ ಸುಸ್ಥಿತಿಯಲ್ಲಿದ್ದರೂ ಅದನ್ನು ಫೈಬರ್ ತಂತುವಿಗೆ ನೇರವಾಗಿ ಜೋಡಿಸಲಾಗದು. ಫೈಬರ್ ತಲುಪದ ಓಣಿಗಳಲ್ಲಿ ಸಿಮ್ ಕಾರ್ಡ್ ಆಧಾರಿತ ರೌಟರ್ ಬಳಸಬಹುದಾಗಿದೆ. ಆದರೆ ಕೊಳ್ಳುವ ಮುನ್ನ ಅದೇ ಕಂಪನಿಯ ಸಿಮ್ ಇರುವ ಮೊಬೈಲನ್ನು ರೌಟರ್ ಇರಿಸಲು ಉದ್ದೇಶಿಸಿದ ಜಾಗದಲ್ಲಿಯೇ ಸಂಜೆಯ ವೇಳೆ ಪರೀಕ್ಷಿಸಿ ನೋಡುವುದು ಸೂಕ್ತ.

ಪೆಟ್ಟಿಗೆಯ ಮೇಲೆ 300, 1200 ಎಂದು ಮುದ್ರಿತವಾಗಿರುವ ಅಂಕಿಗಳು ರೌಟರಿನ ಸೈದ್ಧಾಂತಿಕ ಗರಿಷ್ಠ ವೇಗವೇ ಹೊರತು ಮನೆಗೆ ದೊರೆಯುವ ವೇಗವಲ್ಲ. 40 ಮೆಗಾಬಿಟ್ ಯೋಜನೆ ಪಡೆದವರಿಗೆ 1200ರ ರೌಟರ್ ತಂದರೂ 40 ಮೆಗಾಬಿಟ್ ಮಾತ್ರ ದೊರೆಯುತ್ತದೆ. ಎಂಟು ಬಿಟ್‌ಗಳಿಗೆ ಒಂದು ಬೈಟ್ ಆಗುವುದರಿಂದ ಇದು ಸೆಕೆಂಡಿಗೆ 5 ಮೆಗಾಬೈಟ್‌ಗೆ ಸಮ. ಹಾಗೆಯೇ ಆಂಟೆನಾಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ವ್ಯಾಪ್ತಿ ಹೆಚ್ಚುವುದಿಲ್ಲ. ಸಾಧಾರಣ ಕುಟುಂಬವೊಂದಕ್ಕೆ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಪಟ್ಟಿಗಳಿರುವ, ಡಬ್ಲ್ಯುಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ3 ಸುರಕ್ಷತೆಯುಳ್ಳ, ತಯಾರಕರಿಂದ ತಂತ್ರಾಂಶದ ಪರಿಷ್ಕರಣೆ ಇನ್ನೂ ದೊರೆಯುತ್ತಿರುವ ಮಧ್ಯಮ ದರದ ರೌಟರ್ ಸಾಕು. ಪರಿಷ್ಕರಣೆ ನಿಂತುಹೋದ ಹಳೆಯ ಮಾದರಿಯನ್ನು ಅಗ್ಗವೆಂದು ಕೊಳ್ಳುವುದು ಲಾಭಕರವಲ್ಲ.

ದರವನ್ನು ಹೋಲಿಸುವಾಗ ಜಾಹೀರಾತಿನ ಮಾಸಿಕ ಶುಲ್ಕಕ್ಕೆ ಶೇ. 18ರಷ್ಟು ಸರಕು ಮತ್ತು ಸೇವಾ ತೆರಿಗೆಯನ್ನು ಸೇರಿಸಿಕೊಳ್ಳಬೇಕು. 500 ರೂ.ಗಳ ಯೋಜನೆಗೆ ವಾಸ್ತವವಾಗಿ 590 ರೂ. ಪಾವತಿಸಬೇಕಾಗುತ್ತದೆ. ಸಾಧನವನ್ನು ‘ಉಚಿತ’ವಾಗಿ ನೀಡಲಾಗುವುದೆಂದು ಹೇಳಿದಲ್ಲಿ, ಅದು ಮಾರಾಟವೋ, ಬಾಡಿಗೆಯೋ, ಮರಳಿಸಬೇಕಾದ ಠೇವಣಿಯ ಮೇಲೆ ಕೊಟ್ಟಿದ್ದೋ ಎಂಬುದನ್ನು ರಸೀದಿಯಲ್ಲಿ ಬರೆಸಿಕೊಳ್ಳತಕ್ಕದ್ದು. ಬಾಯಿಮಾತಿನ ಭರವಸೆಯು ಲೆಕ್ಕಕ್ಕೆ ಬಾರದು.

ಇರಿಸುವ ಸ್ಥಳ

ವೈ-ಫೈ ನಿಧಾನವಾಗಿದೆ ಎಂಬ ದೂರುಗಳಲ್ಲಿ ಹಲವು ರೌಟರಿನ ದೋಷವಾಗಿರದೆ ಅದನ್ನಿರಿಸಿದ ಸ್ಥಳದ ದೋಷವಾಗಿರುತ್ತವೆ. ರೇಡಿಯೋ ತರಂಗಗಳು ಮರದ ಬಾಗಿಲನ್ನು ಸುಲಭವಾಗಿ ದಾಟುತ್ತವೆ. ಇಟ್ಟಿಗೆಯ ಗೋಡೆಯಲ್ಲಿ ಸ್ವಲ್ಪ ಕುಗ್ಗುತ್ತವೆ. ದಪ್ಪ ಕಲ್ಲಿನ ಅಥವಾ ಮಣ್ಣಿನ ಗೋಡೆಯಲ್ಲಿ ಬಹಳಷ್ಟು ಕುಗ್ಗುತ್ತವೆ. ಗೋಡೆಯು ಮಳೆಗಾಲದಲ್ಲಿ ತೇವಗೊಂಡಿದ್ದರೆ ಕುಗ್ಗುವಿಕೆ ಇನ್ನೂ ಅಧಿಕ. ತಗಡಿನ ಹಾಳೆಯಂತೂ ತರಂಗವನ್ನು ಹಿಂದಕ್ಕೆ ತಳ್ಳುತ್ತದೆ. 5 ಗಿಗಾಹರ್ಟ್ಸ್ ತರಂಗವು ವೇಗವಾಗಿ ಮಾಹಿತಿ ಒಯ್ದರೂ ಗೋಡೆಗಳನ್ನು ದಾಟುವ ಸಾಮರ್ಥ್ಯ ಅದಕ್ಕೆ ಕಡಿಮೆ. 2.4 ಗಿಗಾಹರ್ಟ್ಸ್ ನಿಧಾನವಾದರೂ ದೂರ ಕ್ರಮಿಸುತ್ತದೆ. ಆದುದರಿಂದ ಮಾಳಿಗೆ ಮನೆಗಳಲ್ಲಿ ರೌಟರ್ ಇರುವ ಪಡಸಾಲೆಗೆ 5 ಗಿಗಾಹರ್ಟ್ಸ್, ಒಳಕೋಣೆಗಳಿಗೆ 2.4 ಗಿಗಾಹರ್ಟ್ಸ್ ಎಂದು ತಿಳಿದು ಬಳಸಬೇಕು.

ಹಳೆಯ ಮನೆಗಳಲ್ಲಿ ಸಾಧನವನ್ನು ಗೋಡೆಯ ಮಾಡದಲ್ಲಿ ಇರಿಸುವ ರೂಢಿಯಿದೆ. ದೀಪಕ್ಕೆ ಅದು ಯೋಗ್ಯ ಸ್ಥಳ, ರೌಟರಿಗಲ್ಲ. ಹಿಂದೆ, ಎಡಕ್ಕೆ, ಬಲಕ್ಕೆ, ಮೇಲೆ ಮತ್ತು ಕೆಳಗೆ ಕಲ್ಲಿರುವುದರಿಂದ ತರಂಗವು ಮುಂದಿನ ದಿಕ್ಕಿಗೆ ಮಾತ್ರ ಹರಡುತ್ತದೆ, ಬಿಸಿಗಾಳಿಯೂ ಹೊರಹೋಗುವುದಿಲ್ಲ. ಕಬ್ಬಿಣದ ಕಪಾಟಿನ ಮೇಲೆ, ಟಿ.ವಿ.ಯ ಹಿಂದೆ, ನೀರಿನ ಟಾಕಿಯ ಪಕ್ಕದಲ್ಲಿಯೂ ಇರಿಸಬಾರದು. ಕೋಣೆಗಳ ಬಾಗಿಲುಗಳು ಒಂದಕ್ಕೊಂದು ಎದುರಾಗುವ ನೇರದಲ್ಲಿ, ಆಳೆತ್ತರದ ಮರದ ಹಲಗೆಯ ಮೇಲಿರಿಸಿದರೆ ತರಂಗವು ಗೋಡೆಯನ್ನು ತಪ್ಪಿಸಿ ಬಾಗಿಲಿನ ಮೂಲಕ ಒಳಸೇರುತ್ತದೆ. ಸೇವಾದಾರರ ಸಿಬ್ಬಂದಿ ತಂತುವನ್ನು ಸಾಮಾನ್ಯವಾಗಿ ಹೊರಬಾಗಿಲ ಬಳಿಯೇ ಮುಗಿಸಲು ಬಯಸುತ್ತಾರೆ. ಅಳವಡಿಕೆಯ ದಿನವೇ ಇನ್ನೂ ಕೆಲವು ಮೀಟರ್ ಒಳಗೆ ತರಲು ಕೋರುವುದು ಮುಂದೆ ದುಬಾರಿ ರೌಟರ್ ಕೊಳ್ಳುವುದಕ್ಕಿಂತ ಮಿತವ್ಯಯಕರ.

ಮಗ್ಗವಿರುವ ಮನೆಗಳಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ನೂಲಿನ ನವಿರಾದ ಧೂಳು ರೌಟರಿನ ಗಾಳಿಕಿಂಡಿಗಳಲ್ಲಿ ಸೇರಿ ಶಾಖವನ್ನು ಹೆಚ್ಚಿಸುತ್ತದೆ. ಅನೇಕ ಗೃಹಬಳಕೆಯ ರೌಟರುಗಳನ್ನು 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಗೆ ಮಾತ್ರ ರೂಪಿಸಲಾಗಿದ್ದು, ಈ ಜಿಲ್ಲೆಯ ಬೇಸಿಗೆಯು ಆ ಮಿತಿಯನ್ನು ಮುಟ್ಟುತ್ತದೆ. ಆದಕಾರಣ ಮಗ್ಗದ ಕೋಣೆಯಿಂದ ದೂರವಿರಿಸಿ, ವಾರಕ್ಕೊಮ್ಮೆ ವಿದ್ಯುತ್ ತೆಗೆದು ಒಣ ಕುಂಚದಿಂದ ಧೂಳು ತೆಗೆಯತಕ್ಕದ್ದು. ಹಿತ್ತಲಿನ ತಗಡಿನ ಶೆಡ್ಡಿಗೆ ಸಂಪರ್ಕ ಬೇಕಾದಲ್ಲಿ ಗೋಡೆಯಾಚೆಯಿಂದ ತರಂಗವನ್ನು ನಿರೀಕ್ಷಿಸುವುದು ವ್ಯರ್ಥ. ಮನೆಯ ರೌಟರಿನಿಂದ ಶೆಡ್ಡಿಗೆ ಲ್ಯಾನ್ ಕೇಬಲ್ ಎಳೆದು ಎರಡನೆಯ ರೌಟರನ್ನು ಅಲ್ಲಿ ಇರಿಸಬೇಕು. ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಕಾರ್ಯಕ್ಷಮವಾಗಿರುತ್ತದೆ. ಕೇಬಲನ್ನು ಎರಡನೆಯ ರೌಟರಿನ ಲ್ಯಾನ್ ಕಿಂಡಿಗೆ ಸೇರಿಸಿ, ಅದರ ವಿಳಾಸವನ್ನು ಮೊದಲ ರೌಟರಿನ ವಿಳಾಸದಿಂದ ಭಿನ್ನವಾಗಿಸಿ, ಅದರಲ್ಲಿನ ಡಿಎಚ್‌ಸಿಪಿ ಸೌಲಭ್ಯವನ್ನು ಸ್ಥಗಿತಗೊಳಿಸಿದರೆ ಎರಡೂ ಸೇರಿ ಒಂದೇ ಜಾಲವಾಗುತ್ತವೆ. ತಾಮ್ರದ ಈ ಕೇಬಲನ್ನು ಬಯಲಿನಲ್ಲಿ ಕಂಬದಿಂದ ಕಂಬಕ್ಕೆ ತೂಗುಬಿಟ್ಟಲ್ಲಿ ಸಿಡಿಲಿನ ಅಪಾಯವಿರುವುದರಿಂದ ಪೈಪಿನೊಳಗೆ ನೆಲದಡಿಯಲ್ಲಿ ಒಯ್ಯುವುದು ಲೇಸು.

ಮನೆಗಳು ಒತ್ತಾಗಿರುವ ಪೇಟೆಯ ಓಣಿಗಳಲ್ಲಿ ನೆರೆಮನೆಗಳ ರೌಟರುಗಳು ಪರಸ್ಪರ ಅಡ್ಡಿಪಡಿಸುತ್ತವೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಮಾರ್ಗಗಳು 1, 6 ಮತ್ತು 11 ಮಾತ್ರ. ನೆರೆಯವರದು 6ರಲ್ಲಿದ್ದರೆ 1 ಅಥವಾ 11ನ್ನು ಆರಿಸಿಕೊಳ್ಳಬೇಕು.

ಎರಡು ಗುಪ್ತಪದಗಳು

ರೌಟರಿಗೆ ಎರಡು ಪ್ರತ್ಯೇಕ ಗುಪ್ತಪದಗಳಿರುತ್ತವೆ. ಮೊಬೈಲ್ ಜೋಡಿಸುವಾಗ ಕೇಳುವುದು ವೈ-ಫೈ ಗುಪ್ತಪದ. ರೌಟರಿನ ಒಳವ್ಯವಸ್ಥೆಯನ್ನು ಬದಲಿಸಲು ಕೇಳುವುದು ಆಡಳಿತ ಗುಪ್ತಪದ. ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ಮರೆಯುವುದು ಸರ್ವೇಸಾಮಾನ್ಯವಾಗಿದೆ. ಕಾರ್ಖಾನೆಯಿಂದ ಬರುವಾಗ ಹಲವು ಮಾದರಿಗಳಲ್ಲಿ ಬಳಕೆದಾರರ ಹೆಸರು ಹಾಗೂ ಆಡಳಿತ ಗುಪ್ತಪದ ಎರಡೂ ‘ಅಡ್ಮಿನ್’ ಎಂದೇ ಇರುತ್ತವೆ, ಮತ್ತು ಇದು ಜಗತ್ತಿಗೆಲ್ಲ ತಿಳಿದ ಸಂಗತಿ.

ಇದರ ಪರಿಣಾಮವು ಕರ್ನಾಟಕದಲ್ಲಿಯೇ ಕಂಡುಬಂದಿದೆ. 2017ರ ಜುಲೈ ತಿಂಗಳಿನಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳ ಮೇಲೆ ದುರುದ್ದೇಶಪೂರಿತ ತಂತ್ರಾಂಶದ ದಾಳಿ ನಡೆಯಿತು. ದಾಳಿಗೆ ಒಳಗಾದವು ಕಾರ್ಖಾನೆಯ ಗುಪ್ತಪದವನ್ನು ಬದಲಿಸದೆ ಉಳಿಸಿಕೊಂಡಿದ್ದ ಮೋಡೆಮ್‌ಗಳು. ಅವು ಅಂತರಜಾಲಕ್ಕೆ ಸಂಪರ್ಕ ಹೊಂದಲಾಗದೆ ನಿಷ್ಕ್ರಿಯಗೊಂಡವು. ಮೋಡೆಮ್‌ಗಳನ್ನು ಮೂಲಸ್ಥಿತಿಗೆ ತಂದು ಗುಪ್ತಪದ ಬದಲಿಸುವಂತೆ ಗ್ರಾಹಕರಿಗೆ ಸೂಚಿಸಬೇಕಾಯಿತು. ಯಾರ ಮನೆಯ ಬೀಗವನ್ನೂ ಒಡೆಯಲಾಗಿರಲಿಲ್ಲ; ಎಲ್ಲ ಮನೆಗಳಿಗೂ ಒಂದೇ ಕೀಲಿಕೈ ಇದ್ದುದೇ ಕಾರಣ.

ವೈ-ಫೈ ಗುಪ್ತಪದವನ್ನು ಅಲಕ್ಷಿಸುವುದರ ಫಲ ಬೇರೆ ಬಗೆಯದು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳು ಸಂಭವಿಸಿದಾಗ, ಅದರ ಹೊಣೆ ಹೊತ್ತ ಮಿಂಚಂಚೆಯು ನವಿ ಮುಂಬೈನ ಮನೆಯೊಂದರ ಅಸುರಕ್ಷಿತ ವೈ-ಫೈ ಮೂಲಕ ಹೋಗಿತ್ತೆಂಬುದು ತನಿಖೆಯಲ್ಲಿ ತಿಳಿದುಬಂತು. ಆ ಮನೆಯ ನಿವಾಸಿಯು ವಿಚಾರಣೆಯನ್ನು ಎದುರಿಸಬೇಕಾಯಿತು. ತದನಂತರ, 2009ರ ಫೆಬ್ರವರಿಯಲ್ಲಿ, ದೂರಸಂಪರ್ಕ ಇಲಾಖೆಯು ವೈ-ಫೈ ಸುರಕ್ಷತೆಯ ಕುರಿತು ಸೇವಾದಾರರಿಗೆ ಸೂಚನೆಗಳನ್ನು ಹೊರಡಿಸಿತು.

ಅಳವಡಿಕೆಯ ಕ್ರಮ ಹೀಗಿದೆ. ರೌಟರಿನ ಕೆಳಭಾಗದ ಚೀಟಿಯಲ್ಲಿ ಅದರ ಆಂತರಿಕ ವಿಳಾಸವನ್ನು ಮುದ್ರಿಸಿರುತ್ತಾರೆ. ಬಹುಮಟ್ಟಿಗೆ ಅದು 192.168.1.1 ಅಥವಾ 192.168.0.1 ಆಗಿರುತ್ತದೆ. ರೌಟರಿಗೆ ಜೋಡಿಸಿದ ಮೊಬೈಲ್ ಅಥವಾ ಗಣಕಯಂತ್ರದ ಬ್ರೌಸರಿನಲ್ಲಿ ಆ ವಿಳಾಸವನ್ನು ಬರೆದಾಗ ಪ್ರವೇಶ ಪುಟ ತೆರೆಯುತ್ತದೆ. ಮೊದಲ ಕೆಲಸವಾಗಿ ಆಡಳಿತ ಗುಪ್ತಪದವನ್ನು ಬದಲಿಸಬೇಕು. ಬಳಿಕ ಜಾಲದ ಹೆಸರನ್ನು ಬದಲಿಸಬೇಕು; ಮನೆತನದ ಹೆಸರು, ಮನೆ ಸಂಖ್ಯೆಗಳನ್ನು ಅದರಲ್ಲಿ ಸೇರಿಸದಿರುವುದು ಕ್ಷೇಮ. ಸುರಕ್ಷತೆಯ ವಿಧವನ್ನು ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಎಂದು ಆರಿಸಬೇಕು. ಡಬ್ಲ್ಯುಇಪಿ ಎಂಬ ಹಳೆಯ ವಿಧವು 2001ರಲ್ಲಿಯೇ ಭೇದಿಸಲ್ಪಟ್ಟಿದ್ದು, ಅದನ್ನು ಬಳಸಕೂಡದು. ವೈ-ಫೈ ಗುಪ್ತಪದವು 8ರಿಂದ 63 ಅಕ್ಷರಗಳವರೆಗೆ ಇರಬಹುದು. ಮೊಬೈಲ್ ಸಂಖ್ಯೆ ಅಥವಾ ಮಗುವಿನ ಜನ್ಮದಿನಾಂಕದ ಬದಲು, ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಕೂಡಿಸಿ ಬರೆದರೆ ಊಹಿಸುವುದು ಕಷ್ಟ, ನೆನಪಿಡುವುದು ಸುಲಭ. ಡಬ್ಲ್ಯುಪಿಎಸ್ ಸೌಲಭ್ಯವನ್ನು ನಿಲ್ಲಿಸಬೇಕು. ಅದರ ಎಂಟಂಕಿಯ ಸಂಖ್ಯೆಯನ್ನು ಗರಿಷ್ಠ 11,000 ಪ್ರಯತ್ನಗಳಲ್ಲಿ ಕಂಡುಹಿಡಿಯಬಹುದೆಂದು 2011ರಲ್ಲಿ ಬಹಿರಂಗಗೊಂಡಿತು. ಹೊರಗಿನಿಂದ ನಿರ್ವಹಿಸುವ ‘ರಿಮೋಟ್ ಮ್ಯಾನೇಜ್‌ಮೆಂಟ್’ ಆಯ್ಕೆಯನ್ನು ಗೃಹಬಳಕೆದಾರರು ತೆರೆದಿಡುವ ಅಗತ್ಯವಿಲ್ಲ. ಸೇವಾದಾರರು ನೀಡಿದ ಓಎನ್‌ಟಿಯಲ್ಲಿ ಕೆಲವು ಆಯ್ಕೆಗಳು ಗ್ರಾಹಕರಿಗೆ ಕಾಣದಿರಬಹುದು. ಅಂತಹ ಸಂದರ್ಭದಲ್ಲಿ ಅಳವಡಿಸುವ ಸಿಬ್ಬಂದಿಯಿಂದಲೇ ಮಾಡಿಸಿಕೊಂಡು, ಅವರು ಹೋದ ಮೇಲೆ ಗುಪ್ತಪದಗಳನ್ನು ಮತ್ತೊಮ್ಮೆ ಬದಲಿಸಿಕೊಳ್ಳತಕ್ಕದ್ದು.

ಮದುವೆ, ಜಾತ್ರೆಗಳಿಗೆ ಬಂದ ನೆಂಟರು ವೈ-ಫೈ ಕೇಳಿದಾಗ ಇಲ್ಲವೆನ್ನುವುದು ಈ ಭಾಗದ ಜನರಿಗೆ ಸಂಕೋಚದ ವಿಷಯ. ಅದಕ್ಕಾಗಿಯೇ ಹಲವು ರೌಟರುಗಳಲ್ಲಿ ‘ಅತಿಥಿ ಜಾಲ’ದ ಸೌಲಭ್ಯವಿದ್ದು, ಬೇರೆ ಗುಪ್ತಪದ ಕೊಟ್ಟು ನೆಂಟರು ಹೋದ ನಂತರ ನಿಲ್ಲಿಸಬಹುದು. ಆದರೆ ಹಣ ಪಡೆದು ಅಕ್ಕಪಕ್ಕದ ಮನೆಗಳಿಗೆ ಸಂಪರ್ಕ ಹಂಚಲು ಗೃಹ ಸಂಪರ್ಕದಲ್ಲಿ ಅವಕಾಶವಿರುವುದಿಲ್ಲ. ಸಾರ್ವಜನಿಕರಿಗೆ ವೈ-ಫೈ ಒದಗಿಸಲಿಚ್ಛಿಸುವ ಅಂಗಡಿಕಾರರಿಗಾಗಿ 2020ರ ಡಿಸೆಂಬರ್‌ನಲ್ಲಿ ಪಿಎಂ-ವಾಣಿ ಯೋಜನೆಯನ್ನು ಅನುಮೋದಿಸಲಾಗಿದ್ದು, ಅದರಡಿ ಅಂಗಡಿಕಾರರಿಗೆ ಪರವಾನಗಿ ಶುಲ್ಕವಿಲ್ಲ.

ವಿದ್ಯುತ್ ಮತ್ತು ದುರಸ್ತಿ

10 ವಾಟ್ ಬಳಸುವ ರೌಟರ್ ಹಗಲಿರುಳು ಚಾಲನೆಯಲ್ಲಿದ್ದರೆ ತಿಂಗಳಿಗೆ ಸುಮಾರು 7 ಯೂನಿಟ್ ವ್ಯಯವಾಗುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಫಲಾನುಭವಿ ಮನೆಗಳಲ್ಲಿ ಬಳಕೆಯು ಅರ್ಹ ಮಿತಿಯ ಅಂಚಿನಲ್ಲಿದ್ದರೆ ಈ 7 ಯೂನಿಟ್‌ಗಳನ್ನೂ ಲೆಕ್ಕದಲ್ಲಿ ಹಿಡಿಯಬೇಕು. ಅಡಾಪ್ಟರ್ ಕೆಟ್ಟಾಗ ಪಿನ್ ಹೊಂದುತ್ತದೆಂಬ ಕಾರಣಕ್ಕೆ ಬೇರೊಂದನ್ನು ಚುಚ್ಚಬಾರದು. ಒಂದೇ ಅಳತೆಯ ಪಿನ್ನಿನಲ್ಲಿ 5, 9 ಹಾಗೂ 12 ವೋಲ್ಟ್‌ಗಳ ಅಡಾಪ್ಟರುಗಳು ಮಾರುಕಟ್ಟೆಯಲ್ಲಿವೆ. ವೋಲ್ಟ್ ಸಮನಾಗಿರಬೇಕು, ಆಂಪಿಯರ್ ಸಮ ಅಥವಾ ಹೆಚ್ಚಿರಬೇಕು, ಭಾರತೀಯ ಮಾನಕ ಬ್ಯೂರೋದ ನೋಂದಣಿ ಸಂಖ್ಯೆ ಮುದ್ರಿತವಾಗಿರಬೇಕು. ವಿದ್ಯುತ್ ಕಡಿತದ ವೇಳೆಗೆ ರೌಟರುಗಳಿಗೆಂದೇ ದೊರೆಯುವ ಸಣ್ಣ ಯುಪಿಎಸ್ ಕೊಳ್ಳುವಾಗಲೂ ಇದೇ ನಿಯಮ ಅನ್ವಯ. ಮುಂಗಾರಿಗೆ ಮುನ್ನ ಗುಡುಗು ಸಿಡಿಲಿನ ಮಳೆ ಬರುವ ಸೂಚನೆಯಿದ್ದಾಗ ಅಡಾಪ್ಟರನ್ನು ಸಾಕೆಟ್ಟಿನಿಂದಲೇ ಕಿತ್ತಿಡಬೇಕು. ಗಾಜಿನ ಎಳೆಯ ಮೂಲಕ ಸಿಡಿಲು ಬಾರದಿದ್ದರೂ ವಿದ್ಯುತ್ ತಂತಿಯ ಮೂಲಕ ಬರುತ್ತದೆ.

ಓಎನ್‌ಟಿಯಲ್ಲಿ ‘ಲಾಸ್’ ದೀಪ ಕೆಂಪಾಗಿ ಉರಿದರೆ ಫೈಬರ್ ತುಂಡಾಗಿದೆ ಅಥವಾ ಬೆಳಕು ತಲುಪುತ್ತಿಲ್ಲವೆಂದು ಅರ್ಥ. ರೌಟರನ್ನು ಎಷ್ಟು ಬಾರಿ ಆರಿಸಿ ಹೊತ್ತಿಸಿದರೂ ಪ್ರಯೋಜನವಿಲ್ಲ. ಸೇವಾದಾರರಿಗೆ ದೂರು ನೀಡಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಪರಿಹಾರ ದೊರೆಯದಿದ್ದಲ್ಲಿ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ಸಂಖ್ಯೆಯೇ ಆಧಾರ. ಗ್ರಾಹಕ ಆಯೋಗದ ಮೊರೆಹೋಗಲೂ ಅವಕಾಶವಿದ್ದು, ದೂರಸಂಪರ್ಕ ಸೇವೆಯು ಗ್ರಾಹಕ ಆಯೋಗಗಳ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಸಂಪರ್ಕದ ದುರ್ಬಳಕೆಯಿಂದ ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು.

ಸಂಪರ್ಕವನ್ನು ರದ್ದುಪಡಿಸಿ ಸಾಧನವನ್ನು ಹಿಂದಿರುಗಿಸುವಾಗ ಅಥವಾ ಮಾರುವಾಗ, ಹಿಂಬದಿಯ ರಿಸೆಟ್ ಗುಂಡಿಯನ್ನು ಸುಮಾರು ಹತ್ತು ಸೆಕೆಂಡು ಒತ್ತಿ ಹಿಡಿದು ಒಳಗಿನ ಗುಪ್ತಪದಗಳನ್ನು ಅಳಿಸಬೇಕು. ಅಡಾಪ್ಟರ್ ಸಹಿತ ಸಾಧನವನ್ನು ಒಪ್ಪಿಸಿದ ಬಗ್ಗೆ ಕ್ರಮಸಂಖ್ಯೆ ನಮೂದಿಸಿದ ಸ್ವೀಕೃತಿಯನ್ನು ಪಡೆದು, ಠೇವಣಿಯ ಮೊತ್ತ ಖಾತೆಗೆ ಜಮೆಯಾಗುವವರೆಗೆ ಕಾಯ್ದಿರಿಸಿಕೊಳ್ಳಬೇಕು.