ಪೆಲ್ಲಾಗ್ರ: ಯುರೋಪಿನ ಹಳ್ಳಿಗಳನ್ನು ಕಾಡಿದ ರೋಗದ ಚರಿತ್ರೆ

ಪೆಲ್ಲಾಗ್ರ ಆಹಾರದ ಕೊರತೆಯಿಂದ ಬರುವ ರೋಗ. ಬಿ ಗುಂಪಿಗೆ ಸೇರಿದ ನಿಯಾಸಿನ್ ಎಂಬ ಜೀವಸತ್ವವೂ, ಅದನ್ನು ದೇಹ ತಾನೇ ಮಾಡಿಕೊಳ್ಳಲು ಬೇಕಾದ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವೂ ಊಟದಲ್ಲಿ ಸಾಲದೆ ಹೋದಾಗ ಇದು ತಲೆದೋರುತ್ತದೆ. ಹದಿನೆಂಟನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದವರೆಗೆ ಉತ್ತರ ಸ್ಪೇನ್, ನೈಋತ್ಯ ಫ್ರಾನ್ಸ್, ಉತ್ತರ ಇಟಲಿ ಮತ್ತು ರೊಮೇನಿಯಾಗಳಲ್ಲಿ ಗೋವಿನಜೋಳವನ್ನೇ ಉಂಡು ಬದುಕುತ್ತಿದ್ದ ರೈತರನ್ನು ಈ ರೋಗ ಹಿಂಡಿತು. ಪಟ್ಟಣದ ಶ್ರೀಮಂತರಿಗೆ ಇದು ಬಂದದ್ದು ತೀರ ಅಪರೂಪ. ಈ ಒಂದು ಸಂಗತಿಯನ್ನು ವೈದ್ಯರೆಲ್ಲರೂ ಕಂಡಿದ್ದರು; ಅದರ ಅರ್ಥವೇನು ಎಂಬುದರ ಮೇಲೆ ಇನ್ನೂರು ವರ್ಷ ಜಗಳವಾಡಿದರು.

ರೋಗ ಸಾಮಾನ್ಯವಾಗಿ ಚಳಿಗಾಲ ಕಳೆದು ಬಿಸಿಲೇರುವ ದಿನಗಳಲ್ಲಿ ಕಾಣಿಸಿಕೊಳ್ಳುತ್ತಿತ್ತು. ಕಣಜದಲ್ಲಿ ಜೋಳದ ಹೊರತು ಬೇರೇನೂ ಉಳಿದಿರದ ಹೊತ್ತು, ಹೊಲದ ಕೆಲಸ ಶುರುವಾಗುವ ಹೊತ್ತು ಅದು. ಮುಂಗೈ, ಪಾದ, ಕತ್ತು, ಹೀಗೆ ಬಿಸಿಲು ತಾಗುವ ಕಡೆಗಳಲ್ಲಿ ಚರ್ಮ ಸುಟ್ಟಂತೆ ಕೆಂಪಾಗಿ, ಆಮೇಲೆ ಕಪ್ಪಿಟ್ಟು, ಒರಟಾಗಿ ಸುಲಿಯುತ್ತದೆ. ಎಡಗೈಗೆ ಬಂದದ್ದು ಬಲಗೈಗೂ ಅಷ್ಟೇ ಅಳತೆಯಲ್ಲಿ ಬರುತ್ತದೆ. ನಾಲಿಗೆ ಹುಣ್ಣಾಗುತ್ತದೆ, ಭೇದಿ ನಿಲ್ಲುವುದಿಲ್ಲ. ಬೇಸಿಗೆ ಮುಗಿದರೆ ಕೊಂಚ ಇಳಿದು ಮರುವರ್ಷ ಮತ್ತೆ ಬರುತ್ತದೆ, ಬಂದಾಗಲೆಲ್ಲ ಇನ್ನಷ್ಟು ಆಳಕ್ಕಿಳಿಯುತ್ತದೆ. ಕೊನೆಗೆ ನಿದ್ದೆ ಕೆಟ್ಟು, ಮಂಕು ಕವಿದು, ಬುದ್ಧಿ ಕದಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾವು.

ಕೊಲಂಬಸನ ಯಾನಗಳ ನಂತರ ಅಮೆರಿಕದಿಂದ ಬಂದ ಗೋವಿನಜೋಳ ಹದಿನಾರನೆಯ ಶತಮಾನದಲ್ಲೇ ವೆನಿಸ್ ಸುತ್ತಲಿನ ಬಯಲಿನಲ್ಲಿ ಬೇರೂರಿತ್ತು. ನಮ್ಮಲ್ಲಿ ಮೆಕ್ಕೆಜೋಳ, ಮುಸುಕಿನಜೋಳ ಎಂದೆಲ್ಲ ಕರೆಯುವ ಈ ಪರದೇಶದ ಕಾಳಿಗೆ ಇಟಲಿಯವರು ತುರ್ಕಿ ಧಾನ್ಯ ಎಂದು ಹೆಸರಿಟ್ಟರು. ಗೋಧಿಗಿಂತ, ಸಿರಿಧಾನ್ಯಗಳಿಗಿಂತ ಎಷ್ಟೋ ಹೆಚ್ಚು ಇಳುವರಿ ಕೊಡುತ್ತಿದ್ದ ಬೆಳೆ ಅದು. ಹಿಟ್ಟನ್ನು ಕುದಿನೀರಿಗೆ ಹಾಕಿ ತೊಳಸಿದರೆ ಪೊಲೆಂಟ ಎಂಬ, ನಮ್ಮ ಮುದ್ದೆಯನ್ನು ಹೋಲುವ ಅಡುಗೆ ಸಿದ್ಧವಾಗುತ್ತಿತ್ತು. ಆದರೆ ಕಾಳು ಸಮುದ್ರ ದಾಟಿತೇ ಹೊರತು ಅದರ ಅಡುಗೆಯ ಕ್ರಮ ದಾಟಲಿಲ್ಲ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಹೆಂಗಸರು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಹಾಕಿ, ತೊಳೆದು ಆಮೇಲೆ ರುಬ್ಬುತ್ತಿದ್ದರು. ಗೋವಿನಜೋಳದಲ್ಲಿ ನಿಯಾಸಿನ್ ಇಲ್ಲವೆಂದಲ್ಲ, ಅದರ ಬಹುಪಾಲು ಬೇರೆ ವಸ್ತುಗಳಿಗೆ ಅಂಟಿಕೊಂಡಿರುವುದರಿಂದ ದೇಹಕ್ಕೆ ದಕ್ಕುವುದಿಲ್ಲ. ಸುಣ್ಣದ ಕ್ಷಾರ ಆ ಬಂಧವನ್ನು ಬಿಡಿಸುತ್ತದೆ. ಸಾವಿರಾರು ವರ್ಷ ಜೋಳ ತಿಂದ ಆ ಜನರಲ್ಲಿ ಪೆಲ್ಲಾಗ್ರ ಪಿಡುಗಾಗದೆ ಉಳಿದದ್ದಕ್ಕೆ ಸುಣ್ಣದ ಜೊತೆ ಅವರು ತಿನ್ನುತ್ತಿದ್ದ ಅವರೆ ಜಾತಿಯ ಕಾಳುಗಳೂ ಕಾರಣ.

ಹಾಗೆಂದು ದೋಷವನ್ನೆಲ್ಲ ಅಡುಗೆಮನೆಗೆ ಹೊರಿಸುವುದು ನ್ಯಾಯವಲ್ಲ. ಪೊಲೆಂಟದ ಜೊತೆ ಹಾಲು, ಗಿಣ್ಣು, ಮೊಟ್ಟೆ, ಮಾಂಸ ಇವುಗಳಲ್ಲಿ ಒಂದಿಷ್ಟು ತಟ್ಟೆಗೆ ಬಿದ್ದಿದ್ದರೂ ರೋಗ ಬರುತ್ತಿರಲಿಲ್ಲ. ಲೊಂಬಾರ್ಡಿ ಮತ್ತು ವೆನೆಟೊ ಪ್ರಾಂತಗಳಲ್ಲಿ ನೆಲ ಒಡೆಯರದು, ದುಡಿಮೆ ಗೇಣಿದಾರರದು. ಅನೇಕ ಕಡೆ ಗೇಣಿಯನ್ನು ಗೋಧಿಯಲ್ಲೇ ಅಳೆದು ಕೊಡಬೇಕಿತ್ತು. ಪಟ್ಟಣಗಳ ಮಾರುಕಟ್ಟೆಯಲ್ಲಿ ಗೋಧಿಗೆ ಬೆಲೆ ಏರಿದಂತೆಲ್ಲ ಒಳ್ಳೆಯ ನೆಲ ಗೋಧಿಗೆ ಹೋಯಿತು, ರೈತನ ಪಾಲಿಗೆ ಉಳಿದದ್ದು ಜೋಳ. ಮೊಟ್ಟೆ, ಕೋಳಿಗಳೂ ಕಾಣಿಕೆಯ ರೂಪದಲ್ಲಿ ಒಡೆಯನ ಮನೆ ಸೇರುತ್ತಿದ್ದವು. ಗೋಧಿ ಬೆಳೆದವನು ಗೋಧಿರೊಟ್ಟಿಯನ್ನು ಹಬ್ಬಕ್ಕೊಮ್ಮೆ ಕಾಣುತ್ತಿದ್ದ, ಕಾಯಿಲೆ ಬಿದ್ದಾಗ ಕಾಣುತ್ತಿದ್ದ. ಜನರ ಬಾಯಲ್ಲಿ ಈ ರೋಗಕ್ಕಿದ್ದ ಹೆಸರುಗಳೇ ಇದನ್ನು ಹೇಳುತ್ತವೆ: ಬಿಸಿಲು ರೋಗ ಎಂದವರಿದ್ದರು, ಬಡತನದ ರೋಗ ಎಂದವರಿದ್ದರು, ಒಡೆಯನ ರೋಗ ಎಂದೂ ಅಂದವರಿದ್ದರು. ವೈದ್ಯಶಾಸ್ತ್ರದ ಯಾವ ಹೆಸರಿಗಿಂತಲೂ ಈ ಕೊನೆಯದು ಸತ್ಯಕ್ಕೆ ಹತ್ತಿರವಾದದ್ದು.

ರೋಗವನ್ನು ಮೊದಲು ಗುರುತಿಸಿದವನು ಸ್ಪೇನಿನ ಅಸ್ತೂರಿಯಾಸ್ ಪ್ರಾಂತದ ಒವಿಯೆದೊ ಪಟ್ಟಣದ ವೈದ್ಯ ಗಾಸ್ಪರ್ ಕಸಾಲ್. 1735ರಲ್ಲಿ ಅವನು ಕಂಡ ರೋಗಿಗಳು ಕಡುಬಡವ ರೈತರು. ಅಲ್ಲಿಯವರು ಅದನ್ನು ಗುಲಾಬಿ ರೋಗ ಎನ್ನುತ್ತಿದ್ದರು. ಕತ್ತಿನ ಸುತ್ತ ಹಾರದಂತೆ ಮೂಡುವ ಹುರುಪೆಯ ಪಟ್ಟಿಗೆ ಇಂದಿಗೂ ಕಸಾಲನ ಕಂಠಹಾರ ಎಂಬ ಹೆಸರಿದೆ. ಜೋಳವೇ ಮುಖ್ಯವಾದ, ಮಾಂಸ ಕಾಣದ ಊಟವೇ ಇದರ ಮೂಲ ಎಂದು ಅವನು ಸ್ಪಷ್ಟವಾಗಿ ಬರೆದಿಟ್ಟ. ಅವನ ಪುಸ್ತಕ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1762ರಲ್ಲಿ. ಅಷ್ಟರಲ್ಲಿ ಫ್ರೆಂಚ್ ವೈದ್ಯ ತಿಯೆರಿ 1755ರಲ್ಲೇ ಈ ವಿವರಗಳನ್ನು ಪ್ರಕಟಿಸಿದ್ದ. ಮಿಲಾನಿನ ಫ್ರಾನ್ಸೆಸ್ಕೊ ಫ್ರಪೊಲ್ಲಿ 1771ರಲ್ಲಿ ಹಳ್ಳಿಗರ ಮಾತಿನಿಂದಲೇ ಎತ್ತಿಕೊಂಡ ಪೆಲ್ಲಾಗ್ರ ಎಂಬ ಪದಕ್ಕೆ ಒರಟು ಚರ್ಮ ಎಂದರ್ಥ.

ಜರ್ಮನ್ ಕವಿ ಗಯಟೆ 1786ರಲ್ಲಿ ಆಲ್ಪ್ಸ್ ದಾಟಿ ಇಟಲಿಗೆ ಇಳಿಯುವಾಗ ದಾರಿಯ ಹಳ್ಳಿಗಳ ಹೆಂಗಸರ ಬಾಡಿದ ಮೈಬಣ್ಣವನ್ನು ಕಂಡು, ಅವರು ದಿನವೂ ಉಣ್ಣುವ ಜೋಳದ ಗಂಜಿಯ ಮೇಲೆ ಸಂಶಯಪಟ್ಟ. ದಾರಿಹೋಕನ ಕಣ್ಣಿಗೂ ಬೀಳುವಷ್ಟು ರೋಗ ಹಬ್ಬಿತ್ತು. ಎರಡು ವರ್ಷ ಮೊದಲೇ ಚಕ್ರವರ್ತಿ ಎರಡನೆಯ ಜೋಸೆಫ್ ಮಿಲಾನಿನ ಹತ್ತಿರದ ಲೆನ್ಯಾನೊದಲ್ಲಿ ಪೆಲ್ಲಾಗ್ರಕ್ಕೆಂದೇ ಆಸ್ಪತ್ರೆ ತೆರೆಸಿ ಗಯೆತಾನೊ ಸ್ತ್ರಂಬಿಯೊ ಎಂಬ ವೈದ್ಯನಿಗೆ ವಹಿಸಿದ್ದ. ಅದು ನಾಲ್ಕೇ ವರ್ಷ ನಡೆಯಿತು. ಆಮೇಲೆ ಈ ರೋಗಿಗಳ ಗತಿ ಹುಚ್ಚಾಸ್ಪತ್ರೆ. ವೆನಿಸ್ ಬಳಿಯ ಸಾನ್ ಸೆರ್ವೊಲೊ ದ್ವೀಪದ ಆಸ್ಪತ್ರೆಗೆ ದೋಣಿಯಲ್ಲಿ ಬಂದಿಳಿಯುತ್ತಿದ್ದ ರೈತರಲ್ಲಿ ಅನೇಕರದು ಪೆಲ್ಲಾಗ್ರದ ಹುಚ್ಚು. ಅಲ್ಲಿ ಗೋಧಿರೊಟ್ಟಿ, ಮಾಂಸದ ಸಾರು ಸಿಗುತ್ತಿತ್ತು. ಕೆಲವು ವಾರಗಳಲ್ಲಿ ಬುದ್ಧಿ ತಿಳಿಯಾಗಿ ಮನೆಗೆ ಮರಳುತ್ತಿದ್ದರು, ಮನೆಯ ಪೊಲೆಂಟಕ್ಕೆ. ಮತ್ತೆ ಅದೇ ದೋಣಿ ಹತ್ತಿ ಬಂದವರೂ ಕಡಿಮೆಯಿಲ್ಲ. ಚಿಕಿತ್ಸೆ ಯಾವುದೆಂದು ಆಸ್ಪತ್ರೆಯ ಅಡುಗೆಮನೆ ದಿನವೂ ತೋರಿಸಿಕೊಡುತ್ತಿತ್ತು.

1881ರ ಎಣಿಕೆಯಲ್ಲಿ ಇಟಲಿಯೊಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳು ಸಿಕ್ಕರು. ಫಿಲಿಪ್ಪೊ ಲುಸ್ಸಾನ ಮುಂತಾದವರು ಇದು ಪೋಷಣೆಯ ಕೊರತೆ ಎಂದು 1850ರ ದಶಕದಲ್ಲೇ ಹೇಳಿದ್ದರು. ಗೆದ್ದದ್ದು ಮಾತ್ರ ಚೆಸರೆ ಲೊಂಬ್ರೋಸೊ. ಅಪರಾಧಿಗಳ ಮುಖಲಕ್ಷಣದ ಸಿದ್ಧಾಂತದಿಂದ ಹೆಸರಾದ ಇವನ ಪ್ರಕಾರ ಬೂಷ್ಟು ಹಿಡಿದ ಜೋಳದ ವಿಷವೇ ರೋಗಕ್ಕೆ ಕಾರಣ. ಒದ್ದೆ ಜೋಳವನ್ನು ತಂದಿಡುತ್ತಿದ್ದುದು ನಿಜ, ಬೂಷ್ಟು ಬರುತ್ತಿದ್ದುದೂ ನಿಜ. ಆದರೆ ಈ ವಾದದಲ್ಲಿ ಗೇಣಿಯ ಮಾತು, ಕೂಲಿಯ ಮಾತು ಬರಬೇಕಾದ ಅಗತ್ಯವೇ ಇರಲಿಲ್ಲ. ಜೋಳ ಒಣಗಿಸಿದರೆ ಸಾಕು. ಈ ವಾದ ಅಷ್ಟು ಸುಲಭವಾಗಿ ಒಪ್ಪಿಗೆಯಾದದ್ದಕ್ಕೆ ಇದೂ ಕಾರಣವೆಂದೇ ತೋರುತ್ತದೆ. 1902ರ ಜುಲೈಯಲ್ಲಿ ಬಂದ ಇಟಲಿಯ ಪೆಲ್ಲಾಗ್ರ ಕಾಯಿದೆ ಕೆಟ್ಟ ಜೋಳದ ಮಾರಾಟವನ್ನು ನಿಷೇಧಿಸಿತು, ಒಣಗಿಸುವ ಒಲೆಗಳನ್ನು ಕಟ್ಟಿಸಿತು. ಜೊತೆಗೆ ರೋಗಿಗಳಿಗೆ ಪುಕ್ಕಟೆ ಉಪ್ಪನ್ನೂ ಒಳ್ಳೆಯ ಊಟವನ್ನೂ ಒದಗಿಸಿತು. ಗುಣ ಮಾಡಿದ್ದು ಊಟ. 1905ರಲ್ಲಿ ಲೂಯಿ ಸಾಂಬನ್ ಇದು ನೊಣದಂಥ ಕೀಟದಿಂದ ಹರಡುತ್ತದೆ ಎಂದದ್ದು ಇನ್ನೊಂದು ದಾರಿತಪ್ಪಿದ ಹುಡುಕಾಟ.

ಫ್ರಾನ್ಸಿನಲ್ಲಿ ಲಾಂಡ್ ಪ್ರದೇಶದ ರೋಗವನ್ನು 1829ರಲ್ಲಿ ಜಾನ್ ಹಮೋ ವಿವರಿಸಿದ. ತೆಯೊಫಿಲ್ ರೂಸೆಲ್ 1845ರಲ್ಲೂ 1866ರಲ್ಲೂ ಪುಸ್ತಕ ಬರೆದು ಜೋಳದ ಅವಲಂಬನೆ ತಪ್ಪಿಸಬೇಕೆಂದು ವಾದಿಸಿದ. 1857ರ ಕಾಯಿದೆಯ ನಂತರ ಅಲ್ಲಿನ ಜೌಗು ಬಯಲು ಪೈನ್ ಕಾಡಾಯಿತು, ಬದುಕಿನ ರೀತಿ ಬದಲಾಯಿತು, ರೋಗ ಮಾಯವಾಯಿತು. ರೊಮೇನಿಯಾದ ಕಥೆ ಇದಕ್ಕೆ ತಿರುಗುಮುರುಗು. 1829ರ ಏಡ್ರಿಯಾನೋಪಲ್ ಒಪ್ಪಂದದಿಂದ ಕಪ್ಪು ಸಮುದ್ರದ ವ್ಯಾಪಾರ ತೆರೆದುಕೊಂಡಾಗ ಜಮೀನ್ದಾರರ ಗೋಧಿ ಹಡಗು ಹತ್ತಿತು. ರೈತರಿಗೆ ಮಮಲಿಗ ಎಂಬ ಜೋಳದ ಮುದ್ದೆಯೇ ಗತಿಯಾಯಿತು. 1907ರ ರೈತದಂಗೆಯ ಹಿಂದಿದ್ದದ್ದೂ ಇದೇ ಭೂಮಿಯ ಹಸಿವು. ಯುರೋಪಿನ ಬೇರೆಡೆ ಇಳಿದ ಮೇಲೂ ಪೆಲ್ಲಾಗ್ರ ಅಲ್ಲಿ ದಶಕಗಳ ಕಾಲ ಉಳಿಯಿತು.

ಇಟಲಿಯಲ್ಲಿ ರೋಗ ಇಳಿಯತೊಡಗಿದ್ದು ಅದರ ಕಾರಣ ತಿಳಿಯುವುದಕ್ಕೆ ಮೊದಲೇ. ವೆನೆಟೊದ ಲಕ್ಷಾಂತರ ಜನ ಬ್ರೆಜಿಲ್ ಮೊದಲಾದ ಕಡೆಗೆ ವಲಸೆ ಹೋದರು. ಉಳಿದವರ ಕೂಲಿ ಏರಿತು, ಹೊರಗಿನಿಂದ ಹಣ ಬಂತು, ಗೋಧಿರೊಟ್ಟಿ ದಿನದ ಊಟವಾಯಿತು. ಕಾರಣವನ್ನು ಖಚಿತಪಡಿಸಿದವನು ಅಂದಿನ ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಜೋಸೆಫ್ ಗೋಲ್ಡ್‌ಬರ್ಗರ್. 1915ರಲ್ಲಿ ಮಿಸಿಸಿಪ್ಪಿಯ ಸೆರೆಮನೆ ತೋಟದಲ್ಲಿ ಜೋಳವೇ ಪ್ರಧಾನವಾದ ಊಟ ಕೊಟ್ಟಾಗ ಹನ್ನೊಂದು ಕೈದಿಗಳಲ್ಲಿ ಆರು ಮಂದಿಗೆ ಪೆಲ್ಲಾಗ್ರ ಬಂತು. ಇದು ಸೋಂಕಲ್ಲವೆಂದು ತೋರಿಸಲು ಅವನು ರೋಗಿಗಳ ರಕ್ತವನ್ನು ತನಗೇ ಚುಚ್ಚಿಕೊಂಡ. 1937ರಲ್ಲಿ ಕಾನ್ರಾಡ್ ಎಲ್ವೆಹಿಯಮ್ ಆ ಕೊರತೆ ನಿಕೋಟಿನಿಕ್ ಆಮ್ಲದ್ದು, ಅಂದರೆ ನಿಯಾಸಿನ್‌ನದ್ದು ಎಂದು ಕಂಡುಹಿಡಿದ.

ಈ ಚರಿತ್ರೆಯ ಒಂದು ಎಳೆ ನಮ್ಮ ದಖ್ಖನಿಗೂ ಬರುತ್ತದೆ. ಇಲ್ಲಿ ಪೆಲ್ಲಾಗ್ರ ಕಂಡದ್ದು ಬಿಳಿಜೋಳ ಉಣ್ಣುವ ಬಡವರಲ್ಲಿ. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಈ ಬಿಳಿಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಕಡೆ ಬೆರಳು ತೋರಿದರು. ಆ ವಾದ ಎಲ್ಲರ ಒಪ್ಪಿಗೆ ಪಡೆಯಲಿಲ್ಲ. ರೊಟ್ಟಿಯ ಜೊತೆ ಕಾಳುಪಲ್ಯ, ಮಜ್ಜಿಗೆ, ಶೇಂಗಾ ಚಟ್ನಿ ಇದ್ದ ಮನೆಗೆ ಈ ರೋಗ ಬರಲು ದಾರಿ ಇಲ್ಲ. ಶೇಂಗಾದಲ್ಲಿ ನಿಯಾಸಿನ್ ಸಮೃದ್ಧ. ಮಲಾವಿಯಲ್ಲಿದ್ದ ಮೊಜಾಂಬಿಕ್ ನಿರಾಶ್ರಿತರಿಗೆ ಕೊಡುತ್ತಿದ್ದ ಪಡಿತರದಲ್ಲಿ ಶೇಂಗಾ ನಿಂತು ಗೋವಿನಜೋಳವೇ ಉಳಿದಾಗ, 1990ರಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಜನರಿಗೆ ಪೆಲ್ಲಾಗ್ರ ಬಂತು.