ಮನೆಮಂದಿಯೆಲ್ಲ ಹಿಡಿಸುವ ಗಾಡಿ: ಕೊನೆಯ ಸಾಲಿನ ಚರಿತ್ರೆ

ನಮ್ಮ ಹಳ್ಳಿಗಳಲ್ಲಿ ಯಾರಾದರೂ ಹೊಸದಾಗಿ ಗಾಡಿ ತಂದರೆ ಜನ ಮೊದಲು ಕೇಳುವುದು ಬೆಲೆ. ಆಮೇಲೆ ಮೈಲೇಜು. ಮೂರನೆಯ ಪ್ರಶ್ನೆ, ‘ಎಷ್ಟು ಜನ ಹಿಡಿಸ್ತಾರೆ?’ ಗಾಡಿ ಮಾಡಿದ ಕಂಪನಿ ಇದಕ್ಕೆ ಒಂದು ಉತ್ತರ ಬರೆದಿರುತ್ತದೆ, ಆರ್‌ಟಿಒ ದಾಖಲೆಯಲ್ಲೂ ಒಂದು ಸಂಖ್ಯೆ ಇರುತ್ತದೆ. ಮನೆಯವರ ಉತ್ತರ ಮಾತ್ರ ಯಾವಾಗಲೂ ಆ ಎರಡಕ್ಕಿಂತ ದೊಡ್ಡದು.

ಲೆಕ್ಕದ ಪ್ರಕಾರ ನಮ್ಮ ಕುಟುಂಬಗಳು ಚಿಕ್ಕದಾಗುತ್ತಿವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಕರ್ನಾಟಕದ ಒಟ್ಟು ಫಲವತ್ತತೆ ದರ 1.7. ಅಂದರೆ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಎರಡು ಮಕ್ಕಳೂ ಇಲ್ಲ. ಅಣ್ಣತಮ್ಮಂದಿರ ಒಲೆ ಬೇರೆಯಾಗಿ, ಪಹಣಿ ಬೇರೆಯಾಗಿ ಎಷ್ಟೋ ವರ್ಷಗಳಾಗಿವೆ. ಹಾಗೆ ನೋಡಿದರೆ ಐದು ಸೀಟಿನ ಕಾರು ಸಾಕು. ಆದರೆ ಮಗುವಿನ ಮುಡಿ ಕೊಡಲು ಧರ್ಮಸ್ಥಳಕ್ಕೋ, ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೋ, ಹೆಣ್ಣು ನೋಡುವುದಕ್ಕೋ, ಸಾವಿನ ಮನೆಗೋ ಹೊರಟಾಗ ಬೇರೆಯಾದ ಒಲೆಗಳೆಲ್ಲ ಒಂದೇ ಗಾಡಿ ಹತ್ತುತ್ತವೆ. ‘ದೊಡ್ಡ ಕುಟುಂಬ’ ಅನ್ನುವುದು ಈಗ ಮನೆಯೊಳಗೆ ಸಿಗುವುದು ಕಡಿಮೆ, ರಸ್ತೆಯ ಮೇಲೆ ಸಿಗುವುದು ಹೆಚ್ಚು.

ಈ ಕುಟುಂಬ ಹತ್ತಿದ ಗಾಡಿಗಳ ಚರಿತ್ರೆಯಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಹತ್ತು ಜನರ ಮನೆಗೆಂದೇ ಯೋಚಿಸಿ ಮಾಡಿದ ಅಗ್ಗದ ಗಾಡಿ ನಮ್ಮಲ್ಲಿ ಬಹುಕಾಲ ಇರಲೇ ಇಲ್ಲ. ಸೈನ್ಯಕ್ಕೆ, ಸರಕಿಗೆ, ಬಾಡಿಗೆಗೆ ಮಾಡಿದ್ದನ್ನು ಜನ ತಮ್ಮದಾಗಿಸಿಕೊಂಡರು. ಜಾಗವೇನೋ ಸಿಕ್ಕಿತು. ಆ ಜಾಗ ಎಷ್ಟು ಸುರಕ್ಷಿತ ಎಂದು ಕೇಳಿದವರು ಕಡಿಮೆ.

ಐದು ಸೀಟಿನಲ್ಲಿ ಒಂಬತ್ತು ಜನ

ಮೋಟಾರು ಬರುವ ಮೊದಲು ಜಾತ್ರೆಗೆ ಹೋಗುತ್ತಿದ್ದದ್ದು ಕಮಾನು ಕಟ್ಟಿದ ಎತ್ತಿನ ಗಾಡಿ. ಕೆಳಗೆ ಹುಲ್ಲು, ಮೇಲೆ ಜಮಖಾನ, ನಡುವೆ ಬುತ್ತಿಗಂಟು. ಅಲ್ಲಿ ಸೀಟಿನ ಲೆಕ್ಕವೇ ಇರಲಿಲ್ಲ, ಎತ್ತು ಎಳೆದಷ್ಟು ಜನ. ಮುಂದೆ ಕಾರು ಬಂದಾಗಲೂ ಮನಸ್ಸಿನಲ್ಲಿ ಉಳಿದದ್ದು ಆ ಗಾಡಿಯ ಲೆಕ್ಕವೇ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ತಯಾರಾದ ಅಂಬಾಸಿಡರ್ 1950ರ ದಶಕದ ಕೊನೆಗೆ ಬಂತು, 2014ರವರೆಗೂ ತಯಾರಾಯಿತು. ಅದರ ಹಳೆಯ ಮಾದರಿಗಳಲ್ಲಿ ಮುಂದಿನ ಸೀಟು ಉದ್ದನೆಯ ಬೆಂಚು. ಗೇರು ನೆಲದ ಮೇಲಿರದೆ ಸ್ಟೀರಿಂಗಿನ ಕಂಬಕ್ಕೆ ಅಂಟಿಕೊಂಡಿತ್ತು. ಹಾಗಾಗಿ ಡ್ರೈವರ್ ಬಾಗಿಲಿಗೆ ಒತ್ತಿಕೊಂಡು ಕೂತರೆ ಪಕ್ಕದಲ್ಲಿ ಇನ್ನಿಬ್ಬರಿಗೆ, ತೊಡೆಯ ಮೇಲೊಂದು ಮಗುವಿಗೆ ಜಾಗ. ಹಿಂದೆ ನಾಲ್ವರು, ಅವರ ತೊಡೆಯ ಮೇಲೆ ಮತ್ತೊಂದು ಮಗು. ಮದುವೆ ದಿಬ್ಬಣಕ್ಕೆ ಇದಕ್ಕಿಂತ ಗೌರವದ ಗಾಡಿ ಇನ್ನೊಂದಿರಲಿಲ್ಲ. ಆದರೆ ಲೈಸೆನ್ಸ್ ರಾಜ್ ಕಾಲದಲ್ಲಿ ಕಾರು ಕೊಳ್ಳುವುದೆಂದರೆ ಹಣ ಕಟ್ಟಿ ವರ್ಷಗಟ್ಟಲೆ ಕಾಯುವುದು. ರೈತಾಪಿ ಮನೆಗಳಿಗೆ ಅದು ಬಾಡಿಗೆಯ ಗಾಡಿಯಾಗಿಯೇ ಉಳಿಯಿತು.

ಜೀಪು, ಟ್ರ್ಯಾಕ್ಸ್, ಓಮ್ನಿ

ಹಳ್ಳಿಯ ರಸ್ತೆಗೆ ಒಗ್ಗಿದ್ದು ಜೀಪು. ಎರಡನೇ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ಹುಟ್ಟಿದ ವಿಲ್ಲೀಸ್ ಜೀಪನ್ನು ಸ್ವಾತಂತ್ರ್ಯದ ಆಸುಪಾಸಿನಲ್ಲೇ ಮಹೀಂದ್ರಾ ಇಲ್ಲಿ ಜೋಡಿಸತೊಡಗಿತು. ಮುಂದೆ ಅದರ ಹಿಂಭಾಗ ಉದ್ದವಾಯಿತು, ಎರಡೂ ಪಕ್ಕಕ್ಕೆ ಎದುರುಬದುರಾಗಿ ಬೆಂಚು ಬಂತು. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರೆ ಹಿಂದೆಯೇ ಎಂಟು ಜನ. ಬಜಾಜ್ ಟೆಂಪೊ ಕಂಪನಿಯ ಮೆಟಡೋರ್, ಆಮೇಲೆ 1980ರ ದಶಕದ ಕೊನೆಗೆ ಬಂದ ಟ್ರ್ಯಾಕ್ಸ್ ಇದೇ ಲೆಕ್ಕವನ್ನು ಮುಂದುವರಿಸಿದವು. ಈ ಗಾಡಿಗಳಲ್ಲಿ ಬೆಂಚು ಅಂದರೆ ಬೆಂಚು ಅಷ್ಟೇ. ತಲೆಗೆ ಆಸರೆಯಿಲ್ಲ, ಬೆಲ್ಟಿಲ್ಲ. ಹಿಂದಿನ ಬಾಗಿಲು ತೆರೆದುಕೊಂಡರೆ ಹಿಡಿದುಕೊಳ್ಳಲು ಮೇಲಿನ ಸರಳು.

1984ರಲ್ಲಿ ಬಂದ ಮಾರುತಿ ವ್ಯಾನ್ ಬೇರೆ ದಾರಿ ತೋರಿಸಿತು. 1988ರಿಂದ ಅದರ ಹೆಸರು ಓಮ್ನಿ. ಮಾರುತಿ 800 ಕಾರಿನದೇ 796 ಸಿಸಿ ಎಂಜಿನನ್ನು ಮುಂದಿನ ಸೀಟಿನ ಅಡಿಗೆ ತಳ್ಳಿ, ಮೂತಿಯನ್ನೇ ತೆಗೆದುಹಾಕಿ, ಉಳಿದ ಉದ್ದವನ್ನೆಲ್ಲ ಕೂರುವವರಿಗೆ ಬಿಟ್ಟುಕೊಟ್ಟ ಪೆಟ್ಟಿಗೆಯಿದು. ಸರಿಯುವ ಬಾಗಿಲಾದ್ದರಿಂದ ಸಂತೆಯ ಇಕ್ಕಟ್ಟಿನಲ್ಲೂ ಇಳಿಯಬಹುದಿತ್ತು. ಎಂಟು ಸೀಟಿನ ಮಾದರಿಯೂ ಬಂತು. ಸಣ್ಣ ಊರುಗಳಲ್ಲಿ ಶಾಲಾ ವಾಹನವಾಗಿ, ಆಂಬುಲೆನ್ಸಾಗಿ, ತರಕಾರಿ ಗಾಡಿಯಾಗಿ, ಭಾನುವಾರ ಮನೆಯ ಕಾರಾಗಿ ಓಮ್ನಿ ದುಡಿದಿದೆ. ಆದರೆ ಮೂತಿ ಇಲ್ಲದ ಗಾಡಿಯಲ್ಲಿ ಡ್ರೈವರನ ಮೊಣಕಾಲಿಗೂ ಎದುರು ಬರುವ ಲಾರಿಗೂ ನಡುವೆ ಇದ್ದದ್ದು ಬರೀ ತಗಡು. ಸುರಕ್ಷತಾ ನಿಯಮಗಳು ಬಿಗಿಯಾದಾಗ, 2019ರಲ್ಲಿ, ಅದು ನಿಂತುಹೋಯಿತು.

ಕಾಡುಕುರಿ ಬಿಡದಿಗೆ ಬಂದ ಕಥೆ

1991ರ ಉದಾರೀಕರಣದ ನಂತರ ಬಂದ ದೊಡ್ಡ ಹೆಸರು ಟಾಟಾ ಸುಮೊ, 1994ರಲ್ಲಿ. ಜಪಾನಿನ ಕುಸ್ತಿಪಟುಗಳ ಹೆಸರೆಂದೇ ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ ಅದು ಟೆಲ್ಕೊ ಕಂಪನಿಯನ್ನು ಕಟ್ಟಿ ಬೆಳೆಸಿದ ಸುಮಂತ್ ಮೂಲ್ಗಾಂವ್ಕರ್ ಅವರ ಹೆಸರಿನ ‘ಸು’ ಮತ್ತು ‘ಮೊ’. ಪಿಕಪ್ ಟ್ರಕ್ಕಿನ ಚೌಕಟ್ಟಿನ ಮೇಲೆ ಹತ್ತು ಜನರ ಮನೆ ಕಟ್ಟಿದಂತಿದ್ದ ಗಾಡಿಯದು. ಅದರಲ್ಲೂ ಹಿಂದಿನ ಸಾಲು ಜೀಪಿನಂತೆಯೇ ಎದುರುಬದುರು.

ಇದೇ ಹೊತ್ತಿಗೆ ನಮ್ಮ ಕಥೆಗೆ ಇಂಡೋನೇಷ್ಯಾ ಬಂದು ಸೇರುತ್ತದೆ. ಅಲ್ಲಿ 1977ರಲ್ಲಿ ಟೊಯೋಟಾ ಕಡಿಮೆ ಬೆಲೆಯ ಒಂದು ಪಿಕಪ್ ಮಾಡಿತು. ಬಾಗುಬಳುಕಿಲ್ಲದ ಚಪ್ಪಟೆ ತಗಡಿನ ಆ ಗಾಡಿಗೆ ಕಿಜಾಂಗ್ ಎಂದು ಹೆಸರು, ಅಂದರೆ ನಮ್ಮ ಮಲೆನಾಡಿನ ಕಾಡುಕುರಿಯ ಜಾತಿಯ ಜಿಂಕೆ. ಮಾಡಿದ್ದು ಸರಕಿಗೆ. ಆದರೆ ಅಲ್ಲಿನ ಬಾಡಿ ಕಟ್ಟುವ ಕುಶಲಕರ್ಮಿಗಳು ಅದರ ಬೆನ್ನಿಗೆ ಚಾವಣಿ, ಕಿಟಕಿ, ಬೆಂಚು ಕೂರಿಸಿದರು, ದೊಡ್ಡ ಮನೆಗಳವರು ಕೊಂಡರು. ನಾವು ಜೀಪಿಗೆ ಮಾಡಿದ್ದನ್ನೇ ಅವರು ಪಿಕಪ್ಪಿಗೆ ಮಾಡಿದ್ದರು. ವ್ಯತ್ಯಾಸವೆಂದರೆ, ಜನ ಅದನ್ನು ಹೇಗೆ ಬಳಸುತ್ತಿದ್ದಾರೆ ಎಂಬುದನ್ನು ಕಂಪನಿ ಗಮನಿಸಿ, ಮುಂದಿನ ಮಾದರಿಗಳನ್ನು ಕುಟುಂಬದ ಗಾಡಿಯಾಗಿಯೇ ತಿದ್ದುತ್ತ ಹೋಯಿತು.

ಆ ಕಿಜಾಂಗ್‌ನ ವಂಶದ ಕುಡಿಯೇ ಕ್ವಾಲಿಸ್. ಕಿರ್ಲೋಸ್ಕರ್ ಜೊತೆಗೂಡಿ 1997ರಲ್ಲಿ ಕಂಪನಿ ಕಟ್ಟಿದ ಟೊಯೋಟಾ, ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯಲ್ಲಿ ತಯಾರಿಸಿ 2000ದ ಜನವರಿಯಲ್ಲಿ ಅದನ್ನು ಮಾರುಕಟ್ಟೆಗೆ ಬಿಟ್ಟಿತು. ನೋಟಕ್ಕೆ ಹಳೆಯ ಕಾಲದ್ದು, ದುಡಿಮೆಗೆ ಕಲ್ಲಿನಂಥದ್ದು. ಬೆಂಗಳೂರಿನ ಕಾಲ್ ಸೆಂಟರುಗಳ ರಾತ್ರಿ ಪಾಳಿಯನ್ನು ಹೊತ್ತ ಗಾಡಿಗಳಲ್ಲಿ ಸುಮೊ ಮತ್ತು ಕ್ವಾಲಿಸ್ ಮುಖ್ಯವಾದವು. ಅಲ್ಲಿ ದುಡಿದು ಸವೆದ ಮೇಲೆ ಅವು ಸೆಕೆಂಡ್ ಹ್ಯಾಂಡ್ ಆಗಿ ತಾಲ್ಲೂಕು ಕೇಂದ್ರಗಳಿಗೆ ಬಂದವು. ಹಳ್ಳಿಯ ಅನೇಕ ಮನೆಗಳ ಮೊದಲ ‘ದೊಡ್ಡ ಗಾಡಿ’ ಹೀಗೆ ಪಟ್ಟಣ ಬಳಸಿ ಬಿಟ್ಟದ್ದು.

ಕ್ವಾಲಿಸ್ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಅದನ್ನು ನಿಲ್ಲಿಸಿ, 2005ರಲ್ಲಿ ಇನ್ನೋವಾ ತಂದರು. ಇಲ್ಲೊಂದು ದೊಡ್ಡ ಬದಲಾವಣೆಯಾಯಿತು. ಇನ್ನೋವಾದಲ್ಲಿ ಏಳು ಅಥವಾ ಎಂಟು ಸೀಟು, ಎಲ್ಲವೂ ಮುಂದಕ್ಕೆ ಮುಖ ಮಾಡಿದವು. ಎದುರುಬದುರು ಬೆಂಚು ಹೋಯಿತು, ಹತ್ತು ಸೀಟು ಎನ್ನುವುದೂ ಹೋಯಿತು. ಕೊನೆಯ ಸಾಲಿನವರೂ ರಸ್ತೆ ನೋಡುತ್ತ, ಬೆನ್ನಿಗೆ ಆಸರೆಯಿಟ್ಟು ಕೂರುವಂತಾಯಿತು. ಆದರೆ ಬೆಲೆ ಸುಮೊ ಕೊಳ್ಳುತ್ತಿದ್ದ ಮನೆಗಳ ಕೈಗೆ ಸಿಗದಷ್ಟು ಮೇಲೇರುತ್ತ ಹೋಯಿತು.

ನಾಲ್ಕು ಮೀಟರಿನ ಗೆರೆ

ಕೈಗೆಟಕುವ ದೊಡ್ಡ ಗಾಡಿಯ ಆಕಾರವನ್ನು ಆಮೇಲೆ ನಿರ್ಧರಿಸಿದ್ದು ಒಂದು ಬಜೆಟ್. 2006ರ ಕೇಂದ್ರ ಬಜೆಟ್ಟಿನಲ್ಲಿ ‘ಸಣ್ಣ ಕಾರಿ’ಗೆ ಅಬಕಾರಿ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿದರು. ಉದ್ದ ನಾಲ್ಕು ಮೀಟರ್ ದಾಟಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ ಎಂಜಿನ್ 1500 ಸಿಸಿ ಮೀರಬಾರದು ಎಂಬುದು ಷರತ್ತು. ಜಿಎಸ್‌ಟಿ ಬಂದ ಮೇಲೂ ಆ ಗೆರೆ ಅಳಿಯಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಒಳಗಿರುವುದಕ್ಕೆ ಶೇ 18, ಹೊರಗಿರುವುದಕ್ಕೆ ಶೇ 40.

ನಾಲ್ಕು ಮೀಟರಿನೊಳಗೆ ಎಷ್ಟು ಜನರನ್ನು ಕೂರಿಸಬಹುದು ಎಂಬ ಪೈಪೋಟಿ ಶುರುವಾಯಿತು. 2000ದಲ್ಲಿ ಬಂದಿದ್ದ ಬೊಲೆರೊ 2016ರಲ್ಲಿ ತನ್ನ ಉದ್ದವನ್ನು 3,995 ಮಿಲಿಮೀಟರಿಗೆ ಕತ್ತರಿಸಿಕೊಂಡಿತು, ಎಂಜಿನನ್ನು 1,493 ಸಿಸಿಗೆ ಇಳಿಸಿಕೊಂಡಿತು. ಹಿಂದಿನ ಎದುರುಬದುರು ಸೀಟು ಹಾಗೆಯೇ ಉಳಿಯಿತು. 2010ರಲ್ಲಿ ಬಂದ ಈಕೊ, ಓಮ್ನಿಯ ಜಾಗ ಹಿಡಿಯಿತು. 2019ರಲ್ಲಿ ಬಂದ ರೆನೊ ಟ್ರೈಬರ್ 3,990 ಮಿಲಿಮೀಟರಿನಲ್ಲಿ ಮೂರು ಸಾಲು, ಏಳು ಸೀಟು ಹಿಡಿಸಿತು. 2012ರ ಮಾರುತಿ ಎರ್ಟಿಗಾದಂಥವು ಗೆರೆ ದಾಟಿ ಹೊರಗಿದ್ದು, ಹೆಚ್ಚು ಜಾಗ ಕೊಟ್ಟು ಹೆಚ್ಚು ತೆರಿಗೆ ಕಟ್ಟಿಸಿದವು.

ತೆರಿಗೆ ಉಳಿಸಿದ್ದು ಒಳ್ಳೆಯದೇ. ಆದರೆ ಉಳಿಸಿದ ಆ ಉದ್ದ ಎಲ್ಲಿಂದ ಬಂತು? ಗಿಡ್ಡ ಗಾಡಿಯಲ್ಲಿ ಮೂರನೇ ಸಾಲಿನವರ ತಲೆಗೂ ಹಿಂದಿನ ಗಾಜಿಗೂ ನಡುವೆ ಗೇಣಳತೆಯ ಅಂತರ. ಮೂರೂ ಸಾಲು ಬಿಡಿಸಿದರೆ ಟ್ರೈಬರಿನಲ್ಲಿ ಸಾಮಾನಿಗೆ ಉಳಿಯುವುದು 84 ಲೀಟರ್, ಅಂದರೆ ಒಂದೆರಡು ಕೈಚೀಲ. ಏಳು ಜನರ ಬಟ್ಟೆಬರೆ ಚಾವಣಿಯ ಕ್ಯಾರಿಯರ್ ಏರುತ್ತದೆ, ಮೇಲೆ ಭಾರವಾದಷ್ಟೂ ತಿರುವಿನಲ್ಲಿ ಗಾಡಿ ವಾಲುತ್ತದೆ.

ನಕ್ಷತ್ರ ಯಾರಿಗೆ, ವಿಮೆ ಯಾರಿಗೆ?

2014ರಿಂದ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ಕಾರುಗಳನ್ನು ಗುದ್ದಿಸಿ ಪರೀಕ್ಷೆ ಮಾಡಿ ನಕ್ಷತ್ರ ಕೊಡತೊಡಗಿತು. 2016ರಲ್ಲಿ ಈಕೊಗೆ ಸೊನ್ನೆ ಬಂತು. 2021ರಲ್ಲಿ ಟ್ರೈಬರಿಗೆ, ದೊಡ್ಡವರ ರಕ್ಷಣೆಯ ವಿಭಾಗದಲ್ಲಿ, ನಾಲ್ಕು ನಕ್ಷತ್ರ ಬಂತು. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಇದೆಲ್ಲ ಒಳ್ಳೆಯ ಬೆಳವಣಿಗೆ. ಆದರೆ ಈ ಪರೀಕ್ಷೆಗಳಲ್ಲಿ ಎದುರಿನಿಂದ ಗುದ್ದಿಸುವಾಗ ದೊಡ್ಡವರ ಬೊಂಬೆಗಳನ್ನು ಕೂರಿಸುವುದು ಮುಂದಿನ ಎರಡು ಸೀಟುಗಳಲ್ಲಿ, ಮಕ್ಕಳ ಬೊಂಬೆಗಳನ್ನು ಎರಡನೇ ಸಾಲಿನಲ್ಲಿ. ಮೂರನೇ ಸಾಲಿನಲ್ಲಿ ಬೊಂಬೆಯೂ ಇರುವುದಿಲ್ಲ. ಜಾಹೀರಾತಿನ ನಕ್ಷತ್ರ ನೋಡುವಾಗ ಇದು ನೆನಪಿರಲಿ.

ಕಾನೂನಿನ ಕಥೆಯೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಡ್ರೈವರನನ್ನು ಬಿಟ್ಟು ಆರು ಜನರವರೆಗೆ ಬಾಡಿಗೆಗೆ ಒಯ್ಯುವುದು ಮೋಟಾರ್ ಕ್ಯಾಬ್; ಆರಕ್ಕಿಂತ ಹೆಚ್ಚು, ಹನ್ನೆರಡರವರೆಗೆ ಒಯ್ಯುವುದು ಮ್ಯಾಕ್ಸಿ ಕ್ಯಾಬ್. ಆರ್‌ಸಿ ಪುಸ್ತಕದಲ್ಲಿ ಬರೆದ ಸೀಟಿನ ಸಂಖ್ಯೆಗೆ ಅಪಘಾತವಾದ ದಿನ ಜೀವ ಬರುತ್ತದೆ. 42 ಜನರಿಗೆ ಅನುಮತಿ ಇದ್ದ ಬಸ್ಸಿನಲ್ಲಿ 90 ಜನ ಪ್ರಯಾಣಿಸಿದ್ದ ಪ್ರಕರಣದಲ್ಲಿ, 2007ರಲ್ಲಿ ಸುಪ್ರೀಂ ಕೋರ್ಟ್ ವಿಮಾ ಕಂಪನಿಯ ಹೊಣೆ ಅನುಮತಿ ಇದ್ದಷ್ಟೇ ಜನರ ಲೆಕ್ಕಕ್ಕೆ ಸೀಮಿತ ಎಂದಿತು. ಉಳಿದದ್ದು ಮಾಲೀಕನ ತಲೆಗೆ. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಅದೇ ನ್ಯಾಯಾಲಯ 2002ರಲ್ಲೇ ಹೇಳಿತ್ತು. ಜಾತ್ರೆಗೆ, ಮದುವೆಗೆ ಪಿಕಪ್ಪಿನಲ್ಲಿ ಜನ ತುಂಬಿಕೊಂಡು ಹೊರಡುವ ಊರುಗಳಲ್ಲಿ ಈ ತೀರ್ಪು ಇನ್ನೂ ಗೊತ್ತಿಲ್ಲದವರೇ ಹೆಚ್ಚು.

ಹಾಗಾದರೆ ಕೊಳ್ಳುವುದು ಹೇಗೆ?

ಈ ಎಪ್ಪತ್ತು ವರ್ಷಗಳ ಚರಿತ್ರೆಯಿಂದ ಕೊಳ್ಳುವವರಿಗೆ ಕೆಲವು ಪಾಠಗಳಿವೆ.

ಶೋರೂಮಿಗೆ ಮನೆಯ ಗಂಡಸರಷ್ಟೇ ಹೋಗಿ ಸ್ಟೀರಿಂಗ್ ಹಿಡಿದು ನೋಡಿ ಬರಬೇಡಿ. ಮೂರನೇ ಸಾಲಿನಲ್ಲಿ ಕೂರಬೇಕಾದವರನ್ನೇ ಕರೆದೊಯ್ಯಿರಿ. ಮಂಡಿನೋವಿನ ಅಜ್ಜಿ ಅಲ್ಲಿಗೆ ಹತ್ತಬಲ್ಲಳೇ? ಕಾಲು ಚಾಚಲು ಜಾಗವಿದೆಯೇ? ಎಸಿ ಗಾಳಿ ಅಲ್ಲಿಗೆ ತಲುಪುತ್ತದೆಯೇ? ಸೀಟುಗಳನ್ನು ಎಣಿಸುವ ಮೊದಲು ಬೆಲ್ಟುಗಳನ್ನು ಎಣಿಸಿ. ಭುಜದ ಮೇಲಿಂದ ಬರುವ ಬೆಲ್ಟ್ ಎಷ್ಟು, ತಲೆಗೆ ಆಸರೆ ಎಷ್ಟು ಸೀಟಿಗಿದೆ ನೋಡಿ. ಆ ಸಂಖ್ಯೆಯೇ ಗಾಡಿಯ ನಿಜವಾದ ಸೀಟಿನ ಸಂಖ್ಯೆ. ಹಳೆಯ ಗಾಡಿ ಕೊಳ್ಳುವುದಾದರೆ ಆರ್‌ಸಿಯ ಸಂಖ್ಯೆಗೂ ಒಳಗಿರುವ ಬೆಂಚಿಗೂ ತಾಳೆಯಾಗುತ್ತದೆಯೇ ಪರೀಕ್ಷಿಸಿ, ಯಾರೋ ಆಮೇಲೆ ಸೇರಿಸಿದ ಬೆಂಚು ಕಾನೂನಿನ ಲೆಕ್ಕಕ್ಕಿಲ್ಲ. ಖಾಸಗಿ ನೋಂದಣಿಗೆ ಹದಿನೈದು ವರ್ಷ ಆಯುಷ್ಯ, ಇನ್ನೆಷ್ಟು ಉಳಿದಿದೆ ಎಂಬುದನ್ನೂ ನೋಡಿ.

ಇನ್ನೊಂದು ಲೆಕ್ಕವನ್ನು ಮನೆಯಲ್ಲೇ ಹಾಕಬಹುದು. ವರ್ಷದಲ್ಲಿ ಎಷ್ಟು ದಿನ ಎಲ್ಲರೂ ಒಟ್ಟಿಗೆ ಹೊರಡುತ್ತೀರಿ? ಐದೋ ಆರೋ ದಿನವಾದರೆ, ಅಷ್ಟಕ್ಕೆ ವರ್ಷವಿಡೀ ಕಂತು ಕಟ್ಟುವುದಕ್ಕಿಂತ ಹಳದಿ ಬೋರ್ಡಿನ ಮ್ಯಾಕ್ಸಿ ಕ್ಯಾಬ್ ಹಿಡಿಯುವುದು ಅಗ್ಗ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಹಿಡಿದರೆ ಮಾತ್ರ ಮತ್ತೆ ವಿಮೆಯ ತಕರಾರು. ಮದುವೆಗಾದರೆ ಕೆಎಸ್‌ಆರ್‌ಟಿಸಿ ಬಸ್ಸೇ ಬಾಡಿಗೆಗೆ ಸಿಗುತ್ತದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಧರ್ಮಸ್ಥಳದ ಬಸ್ಸುಗಳಲ್ಲಿ ಹೆಂಗಸರ ಗುಂಪುಗಳು ತುಂಬಿದ್ದನ್ನು ಕಂಡು ತಮಾಷೆ ಮಾಡಿದವರು ಬಹಳ. ಅದನ್ನು ಈ ಚರಿತ್ರೆಯ ಜೊತೆ ಇಟ್ಟು ನೋಡಿದರೆ ಬೇರೆಯೇ ಅರ್ಥ ಕಾಣುತ್ತದೆ. ಜೀಪಿನ ಬೆಂಚಿನಿಂದ ಹಿಡಿದು ನಾಲ್ಕು ಮೀಟರಿನ ಗಾಡಿಯ ಮೂರನೇ ಸಾಲಿನವರೆಗೆ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತವರು ಅವರೇ. ಗಾಡಿ ಆರಿಸುವಾಗ ಅವರ ಅಭಿಪ್ರಾಯ ಕೇಳಿದ ಮನೆಗಳು ಎಷ್ಟಿದ್ದವು? ಮುಂದಿನ ಗಾಡಿ ಕೊಳ್ಳುವ ಮಾತು ಮನೆಯಲ್ಲಿ ಬಂದಾಗ ಮೊದಲ ಪ್ರಶ್ನೆಯನ್ನು ಅವರಿಗೇ ಕೇಳಿ.