ಮೆಲನೋಮಕ್ಕೆ ಗುರಿಯಿಟ್ಟ ಮದ್ದು: ಎರಡು ದಶಕಗಳ ಲೆಕ್ಕ

ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಮೆಲನೋಮ ಮೊದಲಲ್ಲೇ ಕಣ್ಣಿಗೆ ಬಿದ್ದರೆ ಶಸ್ತ್ರಚಿಕಿತ್ಸೆಯಿಂದಲೇ ಬಹುಮಟ್ಟಿಗೆ ವಾಸಿಯಾಗುತ್ತದೆ. ಶ್ವಾಸಕೋಶ, ಯಕೃತ್ತು, ಮಿದುಳಿಗೆ ಹರಡಿದರೆ ಮಾತು ಬೇರೆ. 1975ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಕಾರ್ಬಜೀನ್ ಎಂಬ ಕೀಮೋಥೆರಪಿ ಔಷಧವೇ ದಶಕಗಳ ಕಾಲ ಮುಖ್ಯ ಆಸರೆ. ಅದಕ್ಕೆ ಗೆಡ್ಡೆ ಕುಗ್ಗುತ್ತಿದ್ದುದು ಕೆಲವರಲ್ಲಿ ಮಾತ್ರ.

ತಿರುವು ಬಂದದ್ದು 2002ರಲ್ಲಿ. ಬಿ-ರ್ಯಾಫ್ ಎಂಬ ಜೀನ್ ಅನೇಕ ಮೆಲನೋಮಗಳಲ್ಲಿ ಕೆಟ್ಟಿರುವುದನ್ನು ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ವಿಜ್ಞಾನಿಗಳು ತೋರಿಸಿಕೊಟ್ಟರು. ಇಂದಿನ ಅಂದಾಜಿನಂತೆ ಚರ್ಮದ ಮೆಲನೋಮಗಳಲ್ಲಿ ಸುಮಾರು ಅರ್ಧದಲ್ಲಿ ಈ ದೋಷವಿದೆ. ಹೆಚ್ಚಿನವುಗಳಲ್ಲಿ ಕೆಡುವುದು ಪ್ರೋಟೀನಿನ 600ನೇ ಸ್ಥಾನದ ಒಂದೇ ಒಂದು ಅಮೈನೋ ಆಮ್ಲ. ಅಷ್ಟರಿಂದಲೇ ‘ಬೆಳೆ’ ಎಂಬ ಸಂಕೇತ ಬಿಡುವಿಲ್ಲದೆ ಹೊರಡುತ್ತದೆ.

ಈ ಸಂಕೇತವನ್ನು ತಡೆಯಲು ಮೊದಲು ಪ್ರಯತ್ನಿಸಿದ ಸೊರಾಫೆನಿಬ್ ಎಂಬ ಔಷಧ ನಿರಾಸೆಗೊಳಿಸಿತು. ಕೆಟ್ಟ ಬಿ-ರ್ಯಾಫನ್ನೇ ಗುರಿಯಾಗಿಸಿದ ವೆಮುರಾಫೆನಿಬ್ ಮಾತ್ರೆ ಗೆದ್ದಿತು. 675 ರೋಗಿಗಳ ಪ್ರಯೋಗದಲ್ಲಿ ಅದಕ್ಕೆ ಸ್ಪಂದಿಸಿದವರು ಶೇ. 48, ಡಕಾರ್ಬಜೀನ್‌ಗೆ ಶೇ. 5. 2011ರ ಆಗಸ್ಟಿನಲ್ಲಿ ಅಮೆರಿಕ ಅನುಮತಿ ನೀಡಿತು.

ಆದರೆ ಹೆಚ್ಚಿನವರಲ್ಲಿ ಕೆಲವೇ ತಿಂಗಳಲ್ಲಿ ರೋಗ ಮತ್ತೆ ತಲೆಯೆತ್ತಿತು. ಕಾಲುವೆಗೆ ಒಡ್ಡು ಹಾಕಿದರೆ ನೀರು ಬದಿ ಕೊರೆದುಕೊಂಡು ಹರಿಯುವಂತೆ, ಗೆಡ್ಡೆ ಅದೇ ಸಂಕೇತವನ್ನು ಬೇರೆ ಜೀನುಗಳ ಮೂಲಕ ಸಾಗಿಸಿತು. ಇನ್ನೊಂದು ವಿಚಿತ್ರವೂ ಕಂಡಿತು: ಬಿ-ರ್ಯಾಫ್ ಸರಿಯಿದ್ದ ಕೋಶಗಳಲ್ಲಿ ಔಷಧವೇ ಸಂಕೇತವನ್ನು ಕೆರಳಿಸಿ, ಕೆಲವರಲ್ಲಿ ಮತ್ತೊಂದು ಬಗೆಯ ಚರ್ಮದ ಕ್ಯಾನ್ಸರ್ ಹುಟ್ಟಿಸಿತು. ಎರಡಕ್ಕೂ ದೊರೆತ ಉತ್ತರ ಒಂದೇ: ಸಂಕೇತದ ಮುಂದಿನ ಮೆಟ್ಟಿಲಾದ ಮೆಕ್ ಪ್ರೋಟೀನನ್ನೂ ತಡೆಯುವುದು. ಡಬ್ರಾಫೆನಿಬ್–ಟ್ರಮೆಟಿನಿಬ್ ಜೋಡಿಗೆ 2014ರಲ್ಲಿ ಅನುಮತಿ ಸಿಕ್ಕಿತು. 2015ರಲ್ಲಿ ವೆಮುರಾಫೆನಿಬ್–ಕೋಬಿಮೆಟಿನಿಬ್, 2018ರಲ್ಲಿ ಎಂಕೊರಾಫೆನಿಬ್–ಬಿನಿಮೆಟಿನಿಬ್ ಬಂದವು. ಮೊದಲ ಜೋಡಿಯನ್ನು ಪಡೆದ 563 ಜನರಲ್ಲಿ ಐದು ವರ್ಷಗಳ ನಂತರ ಬದುಕಿದ್ದವರು ಶೇ. 34.

ಇಷ್ಟರಲ್ಲಿ, ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಇಮ್ಯುನೋಥೆರಪಿ ಬಲಿತಿತ್ತು. ಅದಕ್ಕೆ ತಳಹದಿ ಹಾಕಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ 2018ರ ನೊಬೆಲ್ ಪಡೆದರು. ಹಾಗಾದರೆ ಯಾವುದು ಮೊದಲು? ಬಿ-ರ್ಯಾಫ್ ದೋಷವಿದ್ದವರ ಮೇಲೆ ಅಮೆರಿಕದಲ್ಲಿ ನಡೆದ ಡ್ರೀಮ್‌ಸೆಕ್ ಪ್ರಯೋಗದಲ್ಲಿ ಇಮ್ಯುನೋಥೆರಪಿಯಿಂದ ಶುರು ಮಾಡಿದವರಲ್ಲಿ ಸುಮಾರು ಶೇ. 72 ಮಂದಿ ಎರಡು ವರ್ಷ ದಾಟಿದರು. ಮಾತ್ರೆಗಳಿಂದ ಶುರು ಮಾಡಿದವರಲ್ಲಿ ಶೇ. 52. ಹೀಗೆ ಮಾತ್ರೆಗಳು ಹಲವರಿಗೆ ಎರಡನೇ ಸಾಲಿನ ಚಿಕಿತ್ಸೆಯಾದವು. ರೋಗ ಬೇಗ ಉಲ್ಬಣಿಸಿ ಗೆಡ್ಡೆಯನ್ನು ತಕ್ಷಣ ಕುಗ್ಗಿಸಬೇಕಾದಾಗ ಅವುಗಳ ವೇಗ ಇಂದಿಗೂ ಬೆಲೆಯುಳ್ಳದ್ದೇ.

ಭಾರತದಲ್ಲಿ ಮೆಲನೋಮ ಅಪರೂಪ. ಬಂದಾಗಲೂ ಅಂಗಾಲು, ಉಗುರಿನ ಅಡಿ, ಒಳಪೊರೆಗಳಲ್ಲಿ ಕಾಣುವ ಬಗೆಗಳ ಪಾಲು ಇಲ್ಲಿ ಹೆಚ್ಚು. ಅವುಗಳಲ್ಲಿ ಬಿ-ರ್ಯಾಫ್ ದೋಷ ಕಡಿಮೆ. ಕೆಲವುಗಳಲ್ಲಿ ಕಿಟ್ ಎಂಬ ಜೀನ್ ಕೆಟ್ಟಿದ್ದು, ಇಮ್ಯಾಟಿನಿಬ್ ಎಂಬ ಔಷಧ ಒಂದಿಷ್ಟು ಜನರಿಗೆ ಒದಗುತ್ತದೆ. ಬಿಳಿ ಚರ್ಮದವರಲ್ಲಿ ನಡೆದ ಪ್ರಯೋಗಗಳ ಅಂಕಿಗಳನ್ನು ಹಾಗೆಯೇ ನಮ್ಮ ರೋಗಿಗೆ ಅನ್ವಯಿಸಲಾಗದು. ಮಾತ್ರೆ ಬರೆಯುವ ಮೊದಲು ಗೆಡ್ಡೆಯ ಜೀನ್ ಪರೀಕ್ಷೆ ಆಗಲೇಬೇಕು.